ಬೈಲಕುಪ್ಪೆಗೆ ಯಾವ ಕ್ಯಾಮೆರಾ?

ಮೈಸೂರಿನಿಂದ ಮಡಿಕೇರಿಯ ಕಡೆಗೆ ಹೊರಟ ಬಸ್ಸು ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿತೆಂದರೆ ಹೊರಗಿನ ನೋಟ ನಿಧಾನವಾಗಿ ಬದಲಾಗುತ್ತದೆ. ಹೊಗೆಸೊಪ್ಪಿನ ಹೊಲಗಳು, ಅದನ್ನು ಹದಮಾಡುವ ಬ್ಯಾರನ್‌ಗಳು ಹಿಂದಾಗುತ್ತವೆ. ಮುಸುಕಿನ ಜೋಳದ ಬಯಲಿನ ನಡುವೆ ಐದು ಬಣ್ಣದ ಬಟ್ಟೆಯ ಬಾವುಟಗಳು ಗಾಳಿಗೆ ಪಟಪಟಿಸತೊಡಗುತ್ತವೆ. ಮೆರೂನ್ ನಿಲುವಂಗಿ ತೊಟ್ಟ ಎಳೆಯ ಲಾಮಾಗಳು ರಸ್ತೆಯಂಚಿನಲ್ಲಿ ನಡೆದು ಹೋಗುತ್ತಿರುತ್ತಾರೆ. ಪಶ್ಚಿಮಕ್ಕೆ ಕೊಡಗಿನ ಬೆಟ್ಟಸಾಲು. ಕಾವೇರಿ ಹೊಳೆ ದಾಟಿದರೆ ಕುಶಾಲನಗರ. ಅದಕ್ಕೆ ಮುಂಚೆಯೇ ಕೊಪ್ಪದಲ್ಲಿ ಇಳಿದವರಿಗೆ ಆಟೋ ಸಿಗುತ್ತದೆ.

ಈ ಊರಿನ ಕಥೆ ದೊಡ್ಡದು. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆಯೇ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರ ಇಲ್ಲಿ ಸುಮಾರು 3000 ಎಕರೆ ಜಮೀನು ಕೊಟ್ಟಿತು. 1960ರ ಕೊನೆಯಲ್ಲಿ ಬಂದಿಳಿದ ಮೊದಲ ತಂಡದವರು ಕಾಡು ಕಡಿದು ಹೊಲ ಮಾಡಿದರು. 1969ರಲ್ಲಿ ಪಕ್ಕದಲ್ಲೇ ಎರಡನೆಯ ವಸಾಹತು ಎದ್ದಿತು. ಪೆನೋರ್ ರಿಂಪೋಚೆ 1963ರಲ್ಲಿ ಬಿದಿರಿನ ಪುಟ್ಟ ಗುಡಿಯಿಂದ ಆರಂಭಿಸಿದ ನಾಮ್ಡ್ರೋಲಿಂಗ್ ಮಠದಲ್ಲಿ ಈಗ ಜನರು 'ಗೋಲ್ಡನ್ ಟೆಂಪಲ್' ಎಂದು ಕರೆಯುವ ಭವ್ಯ ದೇಗುಲವಿದೆ. ಅದು ಉದ್ಘಾಟನೆಯಾದದ್ದು 1999ರಲ್ಲಿ.

ಇಂಥ ಊರಿಗೆ ಒಮ್ಮೆ ಶಾಲೆಯ ಪ್ರವಾಸ ಬಂದುಹೋದ ಹುಡುಗ ಹುಡುಗಿಯರಲ್ಲಿ ಒಬ್ಬಿಬ್ಬರಾದರೂ ಮನೆಗೆ ಹೋಗಿ ಕ್ಯಾಮೆರಾ ಬೇಕೆಂದು ಹಟ ಹಿಡಿಯುತ್ತಾರೆ. ತಂದೆತಾಯಂದಿರಿಗೆ ಇದು ಸಣ್ಣ ತಲೆನೋವಲ್ಲ. ಅಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ಬೆಲೆ ಒಂದು ವರ್ಷದ ಕಾಲೇಜು ಫೀಸನ್ನು ನೆನಪಿಸುತ್ತದೆ. ಅಂಗಡಿಯವರು ಹೇಳುವುದು ಮೆಗಾಪಿಕ್ಸೆಲ್ ಲೆಕ್ಕ; ಮಕ್ಕಳು ಹೇಳುವುದು ಗೆಳೆಯನ ಬಳಿ ಇರುವ ಮಾಡೆಲ್ಲಿನ ಹೆಸರು. ಬೈಲಕುಪ್ಪೆಯಲ್ಲಿ ಒಂದು ದಿನ ಕಣ್ಣುಬಿಟ್ಟು ನಡೆದರೆ ಈ ಎರಡೂ ಮಾತಿನ ಟೊಳ್ಳು ತಿಳಿಯುತ್ತದೆ. ಭೂದೃಶ್ಯ, ಮುಖಚಿತ್ರ, ಮಾರಾಟದ ವಸ್ತುವಿನ ಚಿತ್ರ ಈ ಮೂರಕ್ಕೂ ಬೇಕಾದ ಪರೀಕ್ಷೆ ಒಂದೇ ಊರಿನಲ್ಲಿ, ಕಾಲ್ನಡಿಗೆಯ ದೂರದಲ್ಲಿ ದೊರೆಯುತ್ತದೆ.

ಬೆಳಗ್ಗೆ ಏಳು ಗಂಟೆಗೆ ಜೋಳದ ಹೊಲದ ಬದುವಿನ ಮೇಲೆ ನಿಂತರೆ ಭೂದೃಶ್ಯದ ಪಾಠ. ಮುಂದೆ ಇಬ್ಬನಿ ಹೊತ್ತ ಗರಿ, ದೂರದಲ್ಲಿ ಮಠದ ಬಂಗಾರದ ಕಳಶ, ಅದರಾಚೆ ಬೆಟ್ಟ. ಎಲ್ಲವೂ ಸ್ಫುಟವಾಗಿ ಬರಬೇಕು. ಇದಕ್ಕೆ ದುಬಾರಿ ಲೆನ್ಸು ಬೇಕೆಂಬುದು ತಪ್ಪು ತಿಳಿವಳಿಕೆ. ಸಾಮಾನ್ಯ ಕ್ಯಾಮೆರಾದ ಜೊತೆಯಲ್ಲೇ ಬರುವ 18-55 ಮಿ.ಮೀ. ಕಿಟ್ ಲೆನ್ಸನ್ನು 18ಕ್ಕೆ ತಿರುಗಿಸಿ, ಅಪರ್ಚರ್ ಎಫ್/8 ಇಟ್ಟು, ಸುಮಾರು 2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 1 ಮೀಟರಿನಿಂದ ಆಚೆ ದಿಗಂತದವರೆಗೂ ಚಿತ್ರ ಸ್ಪಷ್ಟವಾಗಿರುತ್ತದೆ. ಲೆಕ್ಕ ಸುಲಭ: ನಾಭಿದೂರದ ವರ್ಗವನ್ನು ಎಫ್ ಸಂಖ್ಯೆಯಿಂದಲೂ, ಕಣ್ಣು ಸಹಿಸುವ ಮಸುಕಿನ ಚುಕ್ಕೆಯ ಅಳತೆಯಾದ 0.02 ಮಿ.ಮೀ.ಯಿಂದಲೂ ಭಾಗಿಸಬೇಕು. 324ನ್ನು 0.16ರಿಂದ ಭಾಗಿಸಿದರೆ 2025 ಮಿ.ಮೀ. ಪಿಯುಸಿ ಹುಡುಗರು ಬಾಯಲ್ಲೇ ಮಾಡಬಹುದು.

ಹಣ ಹಾಕಬೇಕಾದರೆ ಒಂದು ಪೋಲರೈಸರ್ ಫಿಲ್ಟರಿಗೆ ಹಾಕಲಿ. ಸೂರ್ಯನಿಗೆ ಲಂಬಕೋನದಲ್ಲಿರುವ ಆಕಾಶದಿಂದ ಬರುವ ಬೆಳಕು ಹೆಚ್ಚು ಧ್ರುವೀಕರಣಗೊಂಡಿರುತ್ತದೆ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ನೇರ ಅಡ್ಡಕ್ಕೆ ಹಿಡಿದು ಮಣಿಕಟ್ಟು ತಿರುಗಿಸಿದರೆ ಹೆಬ್ಬೆರಳು ಎಲ್ಲೆಲ್ಲಿ ತೋರಿಸುತ್ತದೋ ಅಲ್ಲೆಲ್ಲ ಫಿಲ್ಟರು ನೀಲಿಯನ್ನು ಗಾಢಗೊಳಿಸುತ್ತದೆ. ಒದ್ದೆ ಎಲೆಗಳ ಮೇಲಿನ ಹೊಳಪನ್ನೂ ತಗ್ಗಿಸಿ ಹಸಿರನ್ನು ಹೊರತರುತ್ತದೆ. ಕೊಳ್ಳುವಾಗ ಲೆನ್ಸಿನ ಬಾಯಿಯ ವ್ಯಾಸವನ್ನು ಬರೆದುಕೊಂಡು ಹೋಗಬೇಕು, ಅಷ್ಟೆ. ಒಂದು ಮಾತನ್ನು ನೇರವಾಗಿಯೇ ಹೇಳಬೇಕು: ಮಗನಿಗೋ ಮಗಳಿಗೋ ಬೇಕಿರುವುದು ಬರೀ ಬೆಳಗಿನ ಹೊಲ, ಮೋಡ, ಬೆಟ್ಟವಾದರೆ ಮನೆಯಲ್ಲಿರುವ ಮೊಬೈಲೇ ಸಾಕು. ಒಳ್ಳೆಯ ಬೆಳಕಿನಲ್ಲಿ ಅದಕ್ಕೂ ಸಾಧಾರಣ ಕ್ಯಾಮೆರಾಕ್ಕೂ ಇರುವ ವ್ಯತ್ಯಾಸ ಪತ್ರಿಕೆಯ ಗಾತ್ರದ ಅಚ್ಚಿನಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ.

ವ್ಯತ್ಯಾಸ ಕಾಣುವುದು ದೇಗುಲದ ಒಳಗೆ. ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂರ್ತಿಗಳು ಸುಮಾರು 60 ಅಡಿ ಎತ್ತರಕ್ಕೆ ಕುಳಿತಿವೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದಾಗ ಕಣ್ಣಿಗೆ ಕತ್ತಲೆ ಕಟ್ಟುತ್ತದೆ; ಕ್ಯಾಮೆರಾಕ್ಕೂ ಹಾಗೆಯೇ. ಬಂದವರಲ್ಲಿ ಹಲವರು ಫ್ಲಾಶ್ ಹೊಡೆಯುತ್ತಾರೆ. ಕ್ಯಾಮೆರಾದ ಪುಟ್ಟ ಫ್ಲಾಶಿನ ಬೆಳಕು ನಾಲ್ಕೈದು ಮೀಟರಿಗೇ ಸೋತುಹೋಗುತ್ತದೆ. ಮೂರ್ತಿಗೆ ತಲುಪುವುದಿಲ್ಲ, ಪ್ರಾರ್ಥನೆಗೆ ಕುಳಿತವರ ಕಣ್ಣಿಗೆ ಮಾತ್ರ ತಲುಪುತ್ತದೆ. ಅಲ್ಲಿ ಬೇಕಾಗುವುದು ದೊಡ್ಡ ಬಾಯಿಯ ಲೆನ್ಸು. 50 ಮಿ.ಮೀ. ಎಫ್/1.8 ಎಂಬ ಸಣ್ಣ ಲೆನ್ಸನ್ನು ಪೂರ್ತಿ ತೆರೆದರೆ ಬೆಳಕಿನ ದ್ವಾರದ ವ್ಯಾಸ ಸುಮಾರು 28 ಮಿ.ಮೀ. ಕಿಟ್ ಲೆನ್ಸು ಅದೇ ನಾಭಿದೂರದಲ್ಲಿ ಎಫ್/5.6ರ ಆಸುಪಾಸಿನಲ್ಲಿ ನಿಲ್ಲುತ್ತದೆ; ದ್ವಾರ ಬರೀ 9 ಮಿ.ಮೀ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾದ್ದರಿಂದ ಒಳಗೆ ಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಸೆಕೆಂಡಿನ 8ನೇ ಒಂದು ಭಾಗ ಅಲುಗಾಡದೆ ಹಿಡಿಯಬೇಕಿದ್ದ ಚಿತ್ರ 80ನೇ ಒಂದು ಭಾಗದಲ್ಲಿ ಮುಗಿಯುತ್ತದೆ. ಹೊಸ ಕ್ಯಾಮೆರಾ ಕೊಂಡರೂ ಹಳೆಯ ಕಿಟ್ ಲೆನ್ಸೇ ಇದ್ದರೆ ಈ ಹತ್ತು ಪಟ್ಟು ಸಿಗುವುದಿಲ್ಲ. (ಒಳಗೆ ಚಿತ್ರ ತೆಗೆಯುವ ಮುನ್ನ ಅಂದಿನ ನಿಯಮವೇನೆಂದು ಬಾಗಿಲಲ್ಲಿ ಕೇಳಿಕೊಳ್ಳುವುದು ಲೇಸು. ಟ್ರೈಪಾಡ್ ಬದಲು ಒಂದು ಸೇರು ಹುರುಳಿ ತುಂಬಿದ ಬಟ್ಟೆಚೀಲವನ್ನು ಕಟ್ಟೆಯ ಮೇಲಿಟ್ಟು ಕ್ಯಾಮೆರಾವನ್ನು ಅದರ ಮೇಲೆ ಕೂರಿಸಿದರೆ ಯಾರಿಗೂ ಅಡ್ಡಿಯಿಲ್ಲ.)

ಬಂಗಾರದ ಬಣ್ಣ ಇನ್ನೊಂದು ಮೋಸ ಮಾಡುತ್ತದೆ. ಕ್ಯಾಮೆರಾದ ಸ್ವಯಂಚಾಲಿತ ವ್ಯವಸ್ಥೆ ಎದುರಿನ ಹಳದಿಯನ್ನೆಲ್ಲ ದೀಪದ ದೋಷವೆಂದು ತಿಳಿದು ತೆಗೆದುಹಾಕಲು ಹೊರಡುತ್ತದೆ, ಮೂರ್ತಿ ಪೇಲವವಾಗುತ್ತದೆ. ವೈಟ್ ಬ್ಯಾಲೆನ್ಸನ್ನು ಕೈಯಾರೆ ಹೊಂದಿಸಿದರೆ ಬಂಗಾರ ಬಂಗಾರವಾಗಿಯೇ ಉಳಿಯುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ದೇಗುಲದ ಹೊರಗಿನ ಅಂಗಡಿಗಳಲ್ಲಿ ಕೈಮಗ್ಗದ ಉಣ್ಣೆಯ ರತ್ನಗಂಬಳಿ, ಊದಿನಕಡ್ಡಿ, ಹಿತ್ತಾಳೆಯ ನಾದಬಟ್ಟಲು. ಇವನ್ನು ದೂರದ ಊರುಗಳಿಗೆ ಮಾರಬೇಕಾದರೆ ಇಂದು ಚಿತ್ರ ಚೆನ್ನಾಗಿರಬೇಕು, ಮತ್ತು ಕಾಲೇಜು ಹುಡುಗರಿಗೆ ಕೈಖರ್ಚು ಹುಟ್ಟುವ ದಾರಿಯೂ ಇದೇ. ಉತ್ಪನ್ನದ ಛಾಯಾಗ್ರಹಣವೆಂದರೆ ಸ್ಟುಡಿಯೋ ದೀಪ, ಕೊಡೆ ಎಂದು ಹೆದರಬೇಕಾಗಿಲ್ಲ. ಕಂಬಳಿಯ ನೇಯ್ಗೆ ಕಾಣಬೇಕಾದರೆ ಕಿಟಕಿಯ ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ಪ್ರತಿ ಗಂಟಿಗೂ ಒಂದು ಪುಟ್ಟ ನೆರಳು ಹುಟ್ಟಿ ಉಬ್ಬು ತೋರುತ್ತದೆ. ಎದುರು ಬದಿಗೆ ಒಂದು ಬಿಳಿ ಥರ್ಮಕೋಲ್ ಹಲಗೆ ನಿಲ್ಲಿಸಿದರೆ ನೆರಳು ಕಪ್ಪಾಗುವುದಿಲ್ಲ. ಕಷ್ಟ ಬರುವುದು ಬಟ್ಟಲಿನಲ್ಲಿ. ಹೊಳೆಯುವ ಹಿತ್ತಾಳೆ ಒಂದು ಪೀನದರ್ಪಣ. ಕೋಣೆ, ಕಿಟಕಿ, ಕ್ಯಾಮೆರಾ ಹಿಡಿದ ಹುಡುಗ ಎಲ್ಲವನ್ನೂ ಹೊಟ್ಟೆಯಲ್ಲಿ ತೋರಿಸುತ್ತದೆ. ಉಪಾಯ ಮನೆಯಲ್ಲೇ ಇದೆ. ಅಪ್ಪನ ಬಿಳಿ ಪಂಚೆಯನ್ನು ಬಟ್ಟಲಿನ ಸುತ್ತ ಡೇರೆಯಂತೆ ಇಳಿಬಿಟ್ಟು, ಮಡಿಕೆಯ ಸಂದಿನಲ್ಲಿ ಲೆನ್ಸಿನ ಮೂತಿಯಷ್ಟನ್ನೇ ಒಳಗೆ ತೂರಿಸಿದರೆ ಬಟ್ಟಲಿಗೆ ಕಾಣುವುದು ಬಹುಪಾಲು ಬಿಳುಪು ಮಾತ್ರ. ಇಲ್ಲಿ ಕಿಟ್ ಲೆನ್ಸೇ ಮೇಲು, ಅದು ವಸ್ತುವಿಗೆ ಇನ್ನಷ್ಟು ಹತ್ತಿರದಿಂದ ಫೋಕಸ್ ಮಾಡುತ್ತದೆ. ವಸ್ತು ಅಲುಗಾಡದಿರುವುದರಿಂದ ಅಗ್ಗದ ಟ್ರೈಪಾಡ್ ಮೇಲೆ ಒಂದು ಸೆಕೆಂಡ್ ಹೊತ್ತು ಬೆಳಕು ಬಿಟ್ಟರೂ ತೊಂದರೆಯಿಲ್ಲ.

ಅಂದರೆ ಕೊಳ್ಳಬೇಕಾದ್ದು ಏನೇನು? ಮನೆಯವರು ಒಪ್ಪಿದ ಮೊತ್ತ 30,000 ರೂಪಾಯಿ ಎಂದಿರಲಿ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಕ್ಯಾಮೆರಾಕ್ಕೆ ಸುರಿಯುವುದು ಜಾಣತನವಲ್ಲ. ಕಂಪನಿಗಳು ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳತ್ತ ವಾಲಿರುವುದರಿಂದ ಕೆಲವೇ ವರ್ಷ ಬಳಸಿದ ಡಿಎಸ್ಎಲ್ಆರ್‌ಗಳು ಕೈಗೆಟುಕುವ ಬೆಲೆಗೆ ಸಿಗುತ್ತವೆ. 2018ರಲ್ಲಿ ಬಂದ ಕ್ಯಾನನ್ 1500ಡಿ, ನಿಕಾನ್ ಡಿ3500 ಎರಡರಲ್ಲೂ 24 ಮೆಗಾಪಿಕ್ಸೆಲ್ ಇದೆ. ವಿದ್ಯಾರ್ಥಿಗೆ ಅದು ಧಾರಾಳ. ನಿಕಾನ್ ಕೊಳ್ಳುವವರು ಒಂದು ಎಚ್ಚರ ವಹಿಸಬೇಕು. ಡಿ3500ರಂಥ ಕ್ಯಾಮೆರಾಗಳೊಳಗೆ ಫೋಕಸ್ ಮೋಟಾರು ಇಲ್ಲ. ಅಗ್ಗವೆಂದು 50 ಮಿ.ಮೀ. 'ಡಿ' ಲೆನ್ಸು ತಂದರೆ ಅದು ತಾನಾಗಿ ಫೋಕಸ್ ಮಾಡುವುದಿಲ್ಲ; 'ಜಿ' ಅಕ್ಷರದ್ದೇ ಬೇಕು.

ಹಳೆಯದನ್ನು ಕೊಳ್ಳುವಾಗ ಜೇಬಿನಲ್ಲಿ ಒಂದು ಟಾರ್ಚ್ ಇರಲಿ. ಕೊಡಗಿನ ಅಂಚಿನ ಈ ಸೀಮೆಯ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದರೆ ಜೇಡನ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಮಾತು ಬೆಳೆಸದೆ ಹಿಂದಿರುಗಿಸಬೇಕು. ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದು ದೊಡ್ಡದು ಮಾಡಿ ನೋಡಿದರೆ ಸೆನ್ಸರಿನ ಮೇಲಿನ ಧೂಳು ಚುಕ್ಕೆಯಾಗಿ ಮೂಡುತ್ತದೆ. ಕೊಂಡ ಮೇಲೆ ಚರ್ಮದ ಚೀಲದಲ್ಲಿ ಮುಚ್ಚಿಡುವುದು ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಎರಡು ಪೊಟ್ಟಣ ಸಿಲಿಕಾ ಜೆಲ್ ಸಾಕು.

ಇನ್ನುಳಿದದ್ದು ಮುಖಚಿತ್ರ, ಅದು ಸಂಜೆಯ ಕೆಲಸ. ಬಿಸಿಲು ಇಳಿದ ಮೇಲೆ ವಯಸ್ಸಾದವರು ಜಪಮಾಲೆ ಎಣಿಸುತ್ತ, ಕೈಚಕ್ರ ತಿರುಗಿಸುತ್ತ ಮಠಕ್ಕೆ ಪ್ರದಕ್ಷಿಣೆ ಬರುತ್ತಾರೆ. ಮುಖದ ತುಂಬ ಸುಕ್ಕು, ಪಶ್ಚಿಮದ ಇಳಿಬೆಳಕು. ಮೊಬೈಲನ್ನು ಮೂಗಿನ ಹತ್ತಿರ ಹಿಡಿಯುವವರಿಗೆ ಈ ಮುಖ ದಕ್ಕುವುದಿಲ್ಲ. 40 ಸೆಂ.ಮೀ. ದೂರದಿಂದ ತೆಗೆದರೆ ಮೂಗಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದಿರುವುದರಿಂದ ಮೂಗು ಶೇಕಡಾ 30ರಷ್ಟು ಹಿಗ್ಗಿದಂತೆ ಕಾಣುತ್ತದೆ. 2 ಮೀಟರ್ ಹಿಂದೆ ನಿಂತರೆ ಈ ವ್ಯತ್ಯಾಸ ಶೇಕಡಾ 6. ಆ ದೂರದಿಂದ ತಲೆಯಿಂದ ಎದೆಯವರೆಗೆ ತುಂಬಿಕೊಳ್ಳುವುದು ಅದೇ 50 ಮಿ.ಮೀ. ಲೆನ್ಸು. ಎಫ್/1.8ರಲ್ಲಿ ಸ್ಪಷ್ಟತೆಯ ಆಳ ಹನ್ನೊಂದು ಹನ್ನೆರಡು ಸೆಂ.ಮೀ. ಮಾತ್ರ, ಹತ್ತಿರದ ಕಣ್ಣಿಗೇ ಫೋಕಸ್ ಹಿಡಿಯಬೇಕು.

ಆದರೆ ಎರಡು ಮೀಟರ್ ದೂರದಲ್ಲಿ ಕದ್ದು ತೆಗೆಯಲು ಆಗುವುದಿಲ್ಲ, ಆಗಬಾರದು ಕೂಡ. ಪ್ರಾರ್ಥನೆಯ ನಡುವೆ ಅಡ್ಡ ನಿಂತು, ಪ್ರದಕ್ಷಿಣೆಗೆ ಎದುರಾಗಿ ನಡೆದು ಕ್ಲಿಕ್ಕಿಸುವ ಪ್ರವಾಸಿಗಳನ್ನು ಈ ಹಿರಿಯರು ಮೌನವಾಗಿ ಸಹಿಸುತ್ತ ಬಂದಿದ್ದಾರೆ. 'ತಾಶಿ ದೆಲೆಕ್' ಎಂದು ಕೈಮುಗಿದು, 'ಅಜ್ಜಿ, ಒಂದು ಫೋಟೋ ತೆಗೆಯಲಾ?' ಎಂದು ಕೇಳಿದರೆ ಸಾಕು. ಕನ್ನಡ ಬಲ್ಲವರು ಇಲ್ಲಿ ಅನೇಕರಿದ್ದಾರೆ. ಬೇಡವೆಂದರೆ ಬೇಡ.

1960ರಲ್ಲಿ ಇಪ್ಪತ್ತರ ಹರೆಯದಲ್ಲಿ ಬಂದಿಳಿದವರಿಗೆ ಈಗ ಎಂಬತ್ತೈದು ದಾಟಿದೆ. ಕಾಡು ಕಡಿದ ಕೈಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ. ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಅಮೆರಿಕ, ಯೂರೋಪು, ಕೆನಡಾಗಳಿಗೆ ಹೋಗಿ ನೆಲೆಸಿದ್ದಾರೆ. ತೆಗೆದ ಚಿತ್ರ ಪೆಟ್ಟಿಗೆಯೊಳಗಿನ ಕಾರ್ಡಿನಲ್ಲಿ ಉಳಿದರೆ ಅವರಿಗೇನು ಬಂತು? ಮುಂದಿನ ರಜೆಯ ದಿನ ಕುಶಾಲನಗರದಲ್ಲೋ ಪಿರಿಯಾಪಟ್ಟಣದಲ್ಲೋ ಅದನ್ನು ಕಾಗದದ ಮೇಲೆ ಅಚ್ಚುಹಾಕಿಸಿ, ಅದೇ ಹೊತ್ತಿಗೆ, ಅದೇ ಪ್ರದಕ್ಷಿಣೆಯ ದಾರಿಯಲ್ಲಿ ಹುಡುಕಿ ಕೊಡಬೇಕು. 30,000 ರೂಪಾಯಿಯ ಲೆಕ್ಕ ಬರೆಯುವಾಗ ಇಂಥ ಹತ್ತು ಅಚ್ಚುಗಳ ಖರ್ಚನ್ನೂ, ಎರಡನೆಯ ಸಲದ ಬಸ್ ಚಾರ್ಜನ್ನೂ ಸೇರಿಸಿಯೇ ಬರೆಯುವುದು.