ಬಾಳಪ್ಪನ ಗುರಿ

ನಮ್ಮ ಬೈಲಹೊಂಗಲದ ಮಕ್ಕಳಿಗೆ ಕಿತ್ತೂರಿನ ಪಾಠವೆಂದರೆ ರಾಣಿ ಚೆನ್ನಮ್ಮನ ಜೊತೆಗೇ ಅಮಟೂರ ಬಾಳಪ್ಪನೂ ಬರಬೇಕು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಅವನ ಗುಂಡಿಗೆ ಬಿದ್ದ. ನಳಿಗೆಯ ಒಳಗೆ ನುಣುಪಾಗಿರುತ್ತಿದ್ದ ಆ ಕಾಲದ ಸಾಮಾನ್ಯ ಕೋವಿಯನ್ನು ನೂರು ಮೀಟರಿನಾಚೆಗೆ ನಂಬುವಂತಿರಲಿಲ್ಲ.

ಈಗಿನ ಬೋಲ್ಟ್ ಆಕ್ಷನ್ ರೈಫಲ್ಲಿನ ಮಾತೇ ಬೇರೆ. ನಳಿಗೆಯೊಳಗಿನ ಸುರುಳಿ ಗೆರೆಗಳು ಗುಂಡನ್ನು ಬಗರಿಯಂತೆ ತಿರುಗಿಸುತ್ತವೆ. ತಿರುಗುವ ಬಗರಿ ವಾಲದು, ಗುಂಡೂ ಹಾಗೆಯೇ. ತೋಟಾ ತುಂಬುವ ರೀತಿ ನಮ್ಮ ಬಾಗಿಲ ಚಿಲಕದ್ದೇ. ಎತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ. ಮುಂದೊತ್ತಿ ಕೆಳಗೆ ಮಡಚಿದರೆ ಹೊಸದು ಒಳಗೆ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿಯ ‘ಸೇಬರ್’ ರೈಫಲ್ 1500 ಮೀಟರ್ ದೂರದ ಗುರಿಯನ್ನು ಮುಟ್ಟುತ್ತದಂತೆ. ಅಂದರೆ ನಮ್ಮ ಮನೆಯಿಂದ ಊರಾಚೆಯ ಜೋಳದ ಹೊಲದವರೆಗೆ! ಅಷ್ಟು ದೂರದಲ್ಲಿದ್ದವನಿಗೆ ಗುಂಡು ಮೊದಲು ತಾಗುತ್ತದೆ, ಸದ್ದು ಆಮೇಲೆ ಬರುತ್ತದೆ.

ಸೈನ್ಯದಿಂದ ರಜೆಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿದೆ: “ಇಷ್ಟು ದೂರ ಇದ್ದರ ಮನಸ್ಸಿಗೆ ಹಗುರ ಏನಪಾ?”

“ಇಲ್ರಿ ಅಕ್ಕೋರ, ದುರ್ಬೀನಿನಾಗ ಮಾರಿ ಭಾಳ ಹತ್ತಿರ ಕಾಣತೈತ್ರಿ” ಅಂದ.

ಚಹಾ ತಂದ ಅವನ ತಾಯಿ ಬಾಗಿಲಲ್ಲೇ ನಿಂತಳು. “ಆ ಕಡೆಯವ್ರ ಕೈಯಾಗೂ ಅಂಥಾದ್ದ ದುರ್ಬೀನ ಇರತೈತಲ್ಲೋ ತಮ್ಮಾ?”

ಅವನು ಬಸಿಯತ್ತ ನೋಡುತ್ತ ಕುಳಿತ.

ಬಾಳಪ್ಪನ ಗುರಿ ತಪ್ಪಲಿಲ್ಲ. ಆದರೂ ಡಿಸೆಂಬರಿನಲ್ಲಿ ಕಿತ್ತೂರಿನ ಕೋಟೆ ಬಿತ್ತು. ರಾಣಿ ನಮ್ಮೂರಿನ ಸೆರೆಯಲ್ಲಿಯೇ 1829ರಲ್ಲಿ ಕಣ್ಣು ಮುಚ್ಚಿದಳು. ಈಗಲೂ ಆ ಪಾಠವನ್ನು ಅಭಿಮಾನದಿಂದಲೇ ಹೇಳುತ್ತೇನೆ. ಬಾಳಪ್ಪನನ್ನೂ ಒಬ್ಬ ತಾಯಿ ಹೆತ್ತಿದ್ದಳು ಎಂಬ ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ.