ನೆರೆದ್ವೀಪಕ್ಕೆ ರಹದಾರಿ

ನೆರೆಮನೆಗೆ ಹೆಪ್ಪಿನ ಮಜ್ಜಿಗೆ ಕೇಳಲು ಹೋಗುವಾಗ ನಾವಾರೂ ಗುರುತಿನ ಚೀಟಿಯನ್ನು ಕೊಂಡೊಯ್ಯುವುದಿಲ್ಲ. ನಡುವೆ ಸಮುದ್ರವಿದ್ದರೆ ಮಾತು ಬೇರೆ.

ಅರಬ್ಬೀ ಸಮುದ್ರದ ಭೂಪಟವನ್ನೊಮ್ಮೆ ಬಿಡಿಸಿ ನೋಡಿ. ಲಕ್ಷದ್ವೀಪಗಳ ತೆಂಕಣ ತುದಿಯಲ್ಲಿ, ಒಡಹುಟ್ಟಿದವರೊಡನೆ ಮುನಿಸಿಕೊಂಡು ದೂರ ಕುಳಿತಂತೆ, ಮಿನಿಕಾಯ್ ಎಂಬ ಪುಟ್ಟ ದ್ವೀಪವಿದೆ. ಅದರ ಸ್ವದೇಶದ ನೆರೆಯಾದ ಕಲ್ಪೇನಿ ಉತ್ತರಕ್ಕೆ ಸುಮಾರು 200 ಕಿಲೋಮೀಟರು. ದಕ್ಷಿಣಕ್ಕೆ ಮಾಲ್ಡೀವ್ಸಿನ ತುರಾಕುನು ದ್ವೀಪವಾದರೋ ಸುಮಾರು 130 ಕಿಲೋಮೀಟರು. ಪರದೇಶವೇ ಹತ್ತಿರ!

ಮಾತೂ ಹತ್ತಿರದ್ದೇ. ಮಿನಿಕಾಯಿಯವರಾಡುವ ಮಹಲ್ ಮಾಲ್ಡೀವ್ಸಿನ ದಿವೇಹಿ ಭಾಷೆಯ ಒಂದು ಪ್ರಭೇದ. ಬರೆಯುವುದೂ ಬಲದಿಂದ ಎಡಕ್ಕೆ ಸಾಗುವ ಅದೇ ತಾನ ಲಿಪಿಯಲ್ಲಿ. ಉಳಿದ ಲಕ್ಷದ್ವೀಪಗಳ ನುಡಿ ಮಲಯಾಳದ ಬಳಗಕ್ಕೆ ಸೇರಿದುದು. ಆದರೇನು? 1965ರಲ್ಲಿ ಮಾಲ್ಡೀವ್ಸ್ ಸ್ವತಂತ್ರವಾಯಿತು. 1976ರಲ್ಲಿ ಎರಡು ಸರಕಾರಗಳೂ ಕಡಲ ಗಡಿಯನ್ನು ಒಪ್ಪಿ ಸಹಿ ಹಾಕಿದವು. ತನ್ನ ನುಡಿಯಾಡುವ ನೆರೆಯವನನ್ನು ಕಾಣಲು ಮಿನಿಕಾಯಿಯವನಿಗೆ ಇಂದು ರಹದಾರಿ ಬೇಕು. ನೀರಿನ ಮೇಲೆ ಗೆರೆ ನಿಲ್ಲದೆಂದು ಹಿರಿಯರು ಹೇಳುತ್ತಿದ್ದರು. ಸರಕಾರಗಳು ಎಳೆದ ಗೆರೆ ಮಾತ್ರ ಚೆನ್ನಾಗಿಯೇ ನಿಲ್ಲುತ್ತದೆ.

ಇನ್ನು ನಮ್ಮ ಸರದಿ. ಲಕ್ಷದ್ವೀಪಕ್ಕೆ ಹೋಗಬೇಕಾದರೆ ಅಲ್ಲಿಯವರಲ್ಲದ ಭಾರತೀಯರಿಗೂ, 1967ರ ನಿಯಮಗಳಂತೆ, ಪ್ರವೇಶದ ಅನುಮತಿಪತ್ರ ಅಗತ್ಯ. ಇದನ್ನು ಕೇಳಿದ ಮಂಗಳೂರಿನ ನಮ್ಮ ಸೋದರಮಾವನವರು ಕೆರಳಿಬಿಟ್ಟರು. "ನಮ್ಮ ಜಿಲ್ಲೆಗೆ ಹೋಗಲು ನಮಗೇ ಅಪ್ಪಣೆಯೇ?"

ಅವರ ಸಿಟ್ಟು ನಿರಾಧಾರವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಕಣ್ಣಾನೂರಿನ ಆರಕ್ಕಲ್ ಮನೆತನದ ಕೈತಪ್ಪಿ ಟಿಪ್ಪುವಿಗೆ ಸೇರಿದವು. 1799ರ ಬಳಿಕ ಇಂಗ್ಲಿಷರ ಕೈಗೆ ಬಂದು ಮಂಗಳೂರಿನ ಆಡಳಿತಕ್ಕೊಳಪಟ್ಟವು. ದ್ವೀಪದವರು ತೆಂಗಿನ ನಾರನ್ನು ಓಡಗಳಲ್ಲಿ ಮಂಗಳೂರಿಗೆ ತಂದು ಸರಕಾರಕ್ಕೊಪ್ಪಿಸಿ, ಅಕ್ಕಿ ಪಡೆದು ಹಿಂದಿರುಗುತ್ತಿದ್ದರು. ಬಂದರಿನಲ್ಲಿ ಆ ಒದ್ದೆ ನಾರಿನ ವಾಸನೆಯನ್ನು ಬಾಲ್ಯದಲ್ಲಿ ಕಂಡವರು ಮಾವ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ನಾವು ಕನ್ನಡ ನಾಡನ್ನು ಕೂಡಿದ ಸಂಭ್ರಮದಲ್ಲಿ ಬಾಗಿಲಲ್ಲಿ ಬೀಳ್ಕೊಂಡವರನ್ನು ಗಮನಿಸಲಿಲ್ಲವೆಂದು ಮಾವನ ದೂರು.

ನನಗಾದರೋ ಆ ಅನುಮತಿಪತ್ರದ ಮೇಲೆ ಕೋಪವಿಲ್ಲ. ಎಲ್ಲ ದ್ವೀಪಗಳೂ ಸೇರಿ 32 ಚದರ ಕಿಲೋಮೀಟರು ನೆಲ, ಜನವಸತಿಯಿರುವವು ಹತ್ತು, 2011ರ ಜನಗಣತಿಯಂತೆ 64 ಸಾವಿರ ಜನ. ತಂದೆತಾಯಿಗಳಿಬ್ಬರೂ ಅಲ್ಲಿಯೇ ಹುಟ್ಟಿದ ದ್ವೀಪವಾಸಿಗಳನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಲಾಗಿದೆ. ಹಣವಂತ ಪಟ್ಟಣಿಗರು ಒಂದೇ ಬೇಸಗೆಯಲ್ಲಿ ನುಗ್ಗಿದರೆ ಅಲ್ಲಿಯ ಬಾವಿಯ ಸಿಹಿನೀರು ಎಷ್ಟು ದಿನ ಬಂದೀತು? ಮಿನಿಕಾಯಿಯವನ ರಹದಾರಿ ಬಂಧುವನ್ನು ದೂರಮಾಡಿತು, ನಿಜ. ನಮ್ಮ ಅನುಮತಿಪತ್ರವು ಆತಿಥೇಯನಿಗೆ ಬಾಗಿಲು ಹಾಕಿಕೊಳ್ಳುವ ಹಕ್ಕನ್ನು ಉಳಿಸಿದೆ. ಎರಡೂ ಕಾಗದವೆಂದು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮಾವ ಇದನ್ನೊಪ್ಪಲಿಲ್ಲ. ಆದರೂ ಮೊನ್ನೆ ಮೊಮ್ಮಗಳಿಂದ ಅರ್ಜಿ ತುಂಬಿಸಿದರಂತೆ. ಪ್ರಯಾಣದ ಉದ್ದೇಶವೇನೆಂದು ಅವಳು ಕೇಳಲು, "ಹಳೆಯ ನೆರೆಯವರ ಕ್ಷೇಮಸಮಾಚಾರ" ಎಂದು ಬರೆಯಲು ಹೇಳಿದರಂತೆ. ಅವಳು "ಪ್ರವಾಸ" ಎಂದಷ್ಟೇ ಬರೆದಿದ್ದಾಳೆ.