ಅಕ್ಕಿಯ ಬಿಳುಪು, ಗಣಕದ ಕುಂಚ

ಸೊರಬ, ಸಾಗರ ಸೀಮೆಯ ದೀವರ ಮನೆಗಳಲ್ಲಿ ಹಸೆಗೋಡೆಯ ಚಿತ್ತಾರವನ್ನು ಕಂಡವರು ಅದನ್ನು ಮರೆಯಲಾರರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಎಳೆದ ಗೆರೆಗಳವು. ಬಿಳುಪು ನೆನೆಸಿ ಅರೆದ ಅಕ್ಕಿಯದು, ಕಪ್ಪು ಕರಿಕಾಗುವಂತೆ ಹುರಿದ ಅಕ್ಕಿಯದು, ಹಳದಿ ಗುರಿಗೆಯ ಬೀಜದ್ದು. ಒಂದೇ ಧಾನ್ಯವು ಬಿಳುಪೂ ಕಪ್ಪೂ ಆಗುವುದು ಸೋಜಿಗವೇ ಸರಿ.

ಜಡೆಯ ಪ್ರೌಢಶಾಲಾ ಬಾಲೆಯೊಬ್ಬಳ ಅಜ್ಜಿ ಬರೆದ ಇಂಥ ಗೋಡೆಯೊಂದು ಕೆಡವಲ್ಪಡುವುದರಲ್ಲಿತ್ತು. ಅಜ್ಜಿಯ ಕೈ ಈಗ ನಡುಗುತ್ತದೆ. ಬಾಲೆ ಗೋಡೆಯ ಛಾಯಾಚಿತ್ರ ತೆಗೆದು, ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಮತ್ತೆ ಬರೆಯಹೊರಟಳು.

ಮೊದಲು ಕುಂಚ ಬೇಕಾಯಿತು. ಅಂತರಜಾಲದಿಂದ ನೂರಾರು ಕುಂಚಗಳನ್ನು ಇಳಿಸಿಕೊಂಡಳು. ಬೇಕಾದುದೊಂದೂ ಕೈಗೆ ಸಿಗದಾಯಿತು. ಅವನ್ನೆಲ್ಲ ಅಳಿಸಿ, ಅಜ್ಜಿಯ ಗೆರೆಯ ತುಣುಕನ್ನೇ ಕತ್ತರಿಸಿ ಕುಂಚವಾಗಿಸಿದಳು. ಎಳೆದರೆ ಮೂಡಿದ್ದು ಗೆರೆಯಲ್ಲ, ಗೋಡೆ! ಬೂದುಬಣ್ಣದ ಚಿತ್ರದಿಂದ ಮಾಡುವ ಕುಂಚದಲ್ಲಿ ಕಪ್ಪು ಭಾಗವು ಬಣ್ಣವನ್ನು ಹೊರುತ್ತದೆ, ಬಿಳಿ ಭಾಗ ಬರಿದು. ಬಿಳಿಯ ಗೆರೆಯನ್ನು ಮೊದಲು ಕಪ್ಪಾಗಿ ತಿರುಗಿಸಿಕೊಳ್ಳಬೇಕಿತ್ತು.

ಅದಾದ ಮೇಲೆ ಎಳೆಗಳು ಮೂಡಿದವು. ಅಜ್ಜಿ ನೋಡಿ, “ಇದೆಂತದೇ? ಎಲ್ಲಾ ಗೆರೇನೂ ಒಂದೇ ನಮೂನಿ ಹರಿದಾವಲ್ಲ!” ಎಂದಳು. ಆಕೆಯ ಕಣ್ಣು ಸುಳ್ಳಾಡಲಿಲ್ಲ. ಗಣಕದ ಕುಂಚವೆಂದರೆ ಒಂದೇ ಮುದ್ರೆಯನ್ನು ನಿಯತವಾದ ಅಂತರದಲ್ಲಿ ಮರಮರಳಿ ಒತ್ತುವುದು. ನಾರಿನ ಕುಂಚವಾದರೋ ಹಿಟ್ಟು ತೀರುತ್ತ ಬಂದಂತೆ ಪ್ರತಿ ಎಳೆಯಲ್ಲೂ ಬೇರೆಯಾಗಿ ಸೀಳುತ್ತದೆ. ಒಂದೇ ಕುಂಚದೊಳಗೆ ಹಲವು ಮುದ್ರೆಗಳನ್ನಿಟ್ಟು ಯಾದೃಚ್ಛಿಕವಾಗಿ ಒತ್ತಿಸುವ ಅನುಕೂಲ ಗಿಂಪ್‌ನಲ್ಲುಂಟು. ಬಾಲೆ ಬೇರೆ ಬೇರೆ ಎಳೆಗಳಿಂದ ಏಳು ತುಣುಕು ಆಯ್ದು ಹಾಗೆ ಮಾಡಿದಳು. “ಅಜ್ಜಿ” ಎಂಬ ಗುರುತುಪದವನ್ನೂ ಅದಕ್ಕೆ ಸೇರಿಸಿದಳು.

ಮೂರು ಸಂಜೆಗಳ ಕೆಲಸ ಮುಗಿಯಿತು. ಬಿಳಿಯ ಪದರವು ಕೆಂಪಿನೊಡನೆ ಬೆರೆಯಲೆಂದು ಮಲ್ಟಿಪ್ಲೈ ವಿಧಾನವನ್ನು ಆರಿಸಿದೊಡನೆ ಬಿಳಿಗೆರೆಗಳೆಲ್ಲ ಮಾಯವಾದವು. ಬಾಲೆ ಅತ್ತೇಬಿಟ್ಟಳು.

ವ್ಯಾಕರಣ ಬಲ್ಲವರಿಗೆ ಇದು ಲೋಪಸಂಧಿಯಂತೆ ತೋರೀತು. ಮೇಲಿನ ಪದರಕ್ಕೂ ಕೆಳಗಿನದಕ್ಕೂ ಆಗುವ ಸಂಧಿಯ ನಿಯಮವೇ ಬೆರಕೆಯ ವಿಧಾನ. ಬಿಳುಪನ್ನು 1, ಕಪ್ಪನ್ನು 0 ಎಂದಿಟ್ಟುಕೊಂಡರೆ ಮಲ್ಟಿಪ್ಲೈ ಎಂಬುದು ಗುಣಾಕಾರ. ಒಂದರಿಂದ ಗುಣಿಸಿದ ಕೆಂಪು ಕೆಂಪಾಗಿಯೇ ಉಳಿಯುತ್ತದೆ, ಬಿಳುಪು ಲೋಪವಾಗುತ್ತದೆ; ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು, ಚಿತ್ರ ಕಪ್ಪಿನತ್ತ ಸರಿಯುತ್ತದೆ. ಸ್ಕ್ರೀನ್ ಇದಕ್ಕೆ ವಿಪರೀತ: ಅಲ್ಲಿ ಲೋಪವಾಗುವುದು ಕಪ್ಪು, ಅರ್ಧವೂ ಅರ್ಧವೂ ಕೂಡಿ ಮುಕ್ಕಾಲಾಗುತ್ತದೆ. ಓವರ್‌ಲೇ ಕೆಳಗಿನ ಬಣ್ಣವನ್ನು ನೋಡಿ, ಕಪ್ಪಿದ್ದಲ್ಲಿ ಮೊದಲನೆಯದರಂತೆ, ಬೆಳಕಿದ್ದಲ್ಲಿ ಎರಡನೆಯದರಂತೆ ನಡೆಯುತ್ತದೆ. ಉಳಿದ ವಿಧಾನಗಳ ಪಟ್ಟಿ ದೀರ್ಘವಾದುದು. ಚಿತ್ತಾರಕ್ಕೆ ಅವುಗಳ ಹಂಗಿಲ್ಲ. ಅರೆದ ಅಕ್ಕಿ ಕೆಮ್ಮಣ್ಣನ್ನು ಮುಚ್ಚುವ ದ್ರವ್ಯವಾದುದರಿಂದ ಅದಕ್ಕೆ ಸಲ್ಲುವುದು ಮೇಲಿನದು ಕೆಳಗಿನದನ್ನು ಮರೆಮಾಡುವ ನಾರ್ಮಲ್ ವಿಧಾನವೇ.

ಕಳೆದುದು ಏನೂ ಇರಲಿಲ್ಲ. ವಿಧಾನವನ್ನು ಹಿಂದಿರುಗಿಸಿದಾಗ ಎಳೆಗಳೆಲ್ಲ ಕಾಣಿಸಿಕೊಂಡವು. ಹುರಿದ ಅಕ್ಕಿಯ ಕಪ್ಪು ಪದರವೊಂದನ್ನು ಮಾತ್ರ ಆಕೆ ಮಲ್ಟಿಪ್ಲೈನಲ್ಲಿಯೇ ಬಿಟ್ಟಳು. ಅಲ್ಲಿ ಅದು ಚೆನ್ನಾಗಿ ಕೂತಿತ್ತು.

ಹಳೆಯ ಗೋಡೆ ಬೇಸಗೆಯಲ್ಲಿ ಬಿತ್ತು. ಕಡತದ ಚಿತ್ತಾರದಲ್ಲಿ ಎಡಮೂಲೆ ಇನ್ನೂ ಖಾಲಿಯಿದೆ. ಛಾಯಾಚಿತ್ರ ತೆಗೆದ ದಿನ ಅಲ್ಲಿ ಬತ್ತದ ಚೀಲವೊಂದು ಅಡ್ಡವಾಗಿತ್ತು. ಅಲ್ಲೇನಿತ್ತೆಂಬುದನ್ನು ಅಜ್ಜಿ ಬೆರಳಿನಿಂದ ನೆಲದ ಮೇಲೆ ಗೀಚಿ ತೋರಿಸುತ್ತಿದ್ದಾಳೆ.